ಕೆರೆಯ ಜಾಗ, ಕೇರಾಚೀ ಜಾಗಾ

ನಮ್ಮೂರಿನ ಕೆರೆಯ ಪಡುವಣ ಮೂಲೆಯಲ್ಲಿ ಹೋದ ವರ್ಷ ಒಂದು ಬೆಳಿಗ್ಗೆ ಕೆಂಪು ಬಣ್ಣ ಬಳಿದ ನಾಲ್ಕು ಕಲ್ಲುಗಳು ಎದ್ದು ನಿಂತವು. ಊರಿನ ಕಸವನ್ನೆಲ್ಲ ಇನ್ನು ಮೇಲೆ ಅಲ್ಲಿಯೇ ಸುರಿಯುವುದೆಂದು ನಗರ ಪಂಚಾಯಿತಿಯಲ್ಲಿ ಠರಾವಾಗಿತ್ತು. ಆ ಠರಾವಿಗೆ ಆಧಾರವೆಂದು ತೋರಿಸಿದ ಹಳೆಯ ಕಾಗದದಲ್ಲಿ ಇದ್ದದ್ದು ನನ್ನ ಹ್ಯಾಂಡ್‌ರೈಟಿಂಗ್.

ಇಷ್ಟು ಬರೆದು ಪೆನ್ನು ಕೆಳಗಿಟ್ಟು, ಒಳಗೆ ಹೋಗಿ ಚಹಾ ಕುಡಿದು ಬಂದೆ. ಹೇಳಬೇಕಾದದ್ದು ಅಷ್ಟೇ. ಆದರೆ ಕೆರೆಯನ್ನು ನೋಡದವರಿಗೆ ಆ ಮೂಲೆ ಹೋದರೆ ಏನು ಹೋಗುತ್ತಿತ್ತು ಎಂಬುದು ತಿಳಿಯಲಾರದು. ಆದ್ದರಿಂದ ಮೊದಲು ಕೆರೆ.

ಗಡಹಿಂಗ್ಲಜದಿಂದ ಬರುವ ಬಸ್ಸು ನಮ್ಮೂರಿನ ಒಡ್ಡಿನ ಬುಡದಲ್ಲಿ ನಿಲ್ಲುತ್ತದೆ. ಹತ್ತು ಹೆಜ್ಜೆ ಮೇಲೆ ಹತ್ತಿದರೆ ಕಣ್ಣಿನ ತುಂಬ ನೀರು. ಊರು ಸಣ್ಣದು, ಕೆರೆ ದೊಡ್ಡದು; ಸರಕಾರ ಮಹಾರಾಷ್ಟ್ರದ್ದು, ಮನೆಮಾತು ಕನ್ನಡ. ಕೆಲವು ವರ್ಷಗಳ ಹಿಂದೆ ಗ್ರಾಮ ಪಂಚಾಯಿತಿ ಹೋಗಿ ನಗರ ಪಂಚಾಯಿತಿ ಆಯಿತು. ಬೋರ್ಡು ದೊಡ್ಡದಾಯಿತು, ಊರು ಇದ್ದಷ್ಟೇ ಇದೆ. ಒಡ್ಡಿನ ಮೇಲೆ ಸಾಲಾಗಿ ಹುಣಸೆ ಮರ, ನೀರಿಗೆ ಇಳಿಯುವ ಕರಿಕಲ್ಲಿನ ಪಾವಟಿಗೆ, ಅದರ ತಲೆಯ ಮೇಲೆ ಸಣ್ಣದೊಂದು ಈಶ್ವರ ಗುಡಿ. ಗುಡಿಯ ಗೋಡೆಗೆ ಆನಿಸಿದ ವೀರಗಲ್ಲೊಂದಿದೆ. ಕೆಳಗೆ ಕುದುರೆ ಏರಿದ ವೀರ, ನಡುವೆ ಅವನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕೈಮುಗಿದು ಕುಳಿತ ಅವನೇ. ಯಾವ ಕಾಲದ್ದು ಎಂದು ಯಾರಿಗೂ ಗೊತ್ತಿಲ್ಲ. ತಲೆತಲಾಂತರದಿಂದ ಹೆಂಗಸರು ಅರಿಶಿನ ಹಚ್ಚಿ ಹಚ್ಚಿ ಆ ಕುದುರೆಯ ಮೋರೆ ಸವೆದು ಈಗ ಕುರಿಯ ಹಾಗೆ ಕಾಣುತ್ತದೆ.

ಪಾವಟಿಗೆಯ ಮೇಲೆ ಕುಳಿತು ಎಡಕ್ಕೆ ನೋಡಿದರೆ ಪಡುವಣ ಮೂಲೆ. ಅಲ್ಲಿ ಕೆರೆ ಆಳವಿಲ್ಲ. ನೀರು ಮೊಣಕಾಲಿನವರೆಗೆ, ಆಮೇಲೆ ಕೆಸರು, ಆಮೇಲೆ ಜೊಂಡು, ಆಮೇಲೆ ಹುಲ್ಲು. ಎಲ್ಲಿ ನೀರು ಮುಗಿದು ನೆಲ ಶುರುವಾಯಿತು ಎಂದು ಹೇಳಲಾಗದು. ಎಮ್ಮೆಗಳು ಮಧ್ಯಾಹ್ನ ಅಲ್ಲಿ ಇಳಿದು ಮೂಗಷ್ಟೇ ಮೇಲಿಟ್ಟು ಮಲಗುತ್ತವೆ. ಎಮ್ಮೆಗಳ ಬೆನ್ನ ಮೇಲೆ ಬೆಳ್ಳಕ್ಕಿ. ಚಳಿಗಾಲಕ್ಕೆ ಎಲ್ಲಿಂದಲೋ ಬಾತುಗಳು ಬರುತ್ತವೆ, ಜೊತೆಗೆ ಚಪ್ಪಟೆ ಕೊಕ್ಕಿನ ಎತ್ತರದ ಬಿಳಿ ಹಕ್ಕಿ. ನಾನು ಓದಿದ ಕಾನ್ವೆಂಟಿನ ಪುಸ್ತಕದಲ್ಲಿ ಅದರ ಚಿತ್ರದ ಕೆಳಗೆ ಸ್ಪೂನ್‌ಬಿಲ್ ಎಂದಿತ್ತು. ಇಲ್ಲಿಯವರು ಸೌಟಿನ ಹಕ್ಕಿ ಅನ್ನುತ್ತಾರೆ. ಅದು ಕೊಕ್ಕನ್ನು ನೀರಲ್ಲಿಟ್ಟು ಆಚೆ ಈಚೆ ಆಡಿಸುತ್ತ ನಡೆಯುವುದನ್ನು ನೋಡಿದರೆ ಸಾರು ತಿರುವುವ ಸೊಸೆಯ ನೆನಪೇ ಆಗಬೇಕು. ಬೇಸಿಗೆಯಲ್ಲಿ ನೀರು ಹಿಂದೆ ಸರಿದಾಗ ಬಿರಿದ ಮಣ್ಣಿನ ಮೇಲೆ ಟಿಟ್ಟಿಭ ಮೊಟ್ಟೆ ಇಡುತ್ತದೆ. ಗೂಡಿಲ್ಲ, ಮರೆಯಿಲ್ಲ, ನಾಲ್ಕು ಹರಳಿನ ನಡುವೆ ನಾಲ್ಕು ಮೊಟ್ಟೆ. ಕಾಲಿಟ್ಟರೆ ಹೋಯಿತು. ಎಮ್ಮೆಗಳು ಮಾತ್ರ ಎಂದೂ ಕಾಲಿಡುವುದಿಲ್ಲ.

ನಾನು ಈ ಊರವಳಲ್ಲ. ಇಚಲಕರಂಜಿಯ ನೂಲಿನ ವ್ಯಾಪಾರದ ಮನೆಯವಳು. ಮಗ್ಗಗಳ ಖಟಖಟ ಸದ್ದಿಲ್ಲದೆ ನಿದ್ದೆ ಎನ್ನುವುದು ಏನೆಂದು ಗೊತ್ತಿಲ್ಲದೆ ಬೆಳೆದೆ. ಓದಿದ್ದು ಕೊಲ್ಲಾಪುರದ ಕಾನ್ವೆಂಟಿನಲ್ಲಿ, ಹಾಸ್ಟೆಲಿನಲ್ಲಿದ್ದು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ, ಶಾಲೆಯಲ್ಲಿ ಇಂಗ್ಲಿಷ್. ಮೂರರಲ್ಲೂ ಮಾತಾಡುತ್ತಿದ್ದೆ, ನೆಟ್ಟಗೆ ಬರೆಯಲು ಬರುತ್ತಿದ್ದದ್ದು ಒಂದೇ. ಕನ್ನಡದ ಅಕ್ಷರವೇ ಗೊತ್ತಿರಲಿಲ್ಲ. ಮರಾಠಿ ವಾರಕ್ಕೆ ಎರಡು ಪೀರಿಯಡ್. ಟೀಚರ್ ಕೋಲು ಹಿಡಿದು ಬಾಯಿಪಾಠ ಮಾಡಿಸುತ್ತಿದ್ದರು: ಘರ, ಘರಾಚೀ, ಝಾಡ, ಝಾಡಾಚೀ, ಗಾವ, ಗಾವಾಚೀ. ಮನೆ, ಮನೆಯ, ಮರ, ಮರದ, ಊರು, ಊರಿನ. ಅರ್ಥಕ್ಕಿಂತ ತಾಳ ಚೆನ್ನಾಗಿ ನೆನಪಿರುತ್ತಿತ್ತು.

ಮದುವೆಯಾಗಿ ಬಂದ ಹೊಸದರಲ್ಲಿ ನನಗೆ ಇಲ್ಲಿ ನಿದ್ದೆ ಬರುತ್ತಿರಲಿಲ್ಲ. ಮಗ್ಗದ ಸದ್ದಿಲ್ಲ. ಮೊದಲ ಮಳೆ ಬಿದ್ದು ಕೆರೆಯ ಕಪ್ಪೆಗಳೆಲ್ಲ ಒಟ್ಟಿಗೆ ಒದರಲು ಶುರುಮಾಡಿದ ದಿನ ಹಾಯಾಗಿ ಮಲಗಿದೆ ಎಂದು ನನ್ನ ಅತ್ತೆ ಎಲ್ಲರ ಮುಂದೆ ಹೇಳಿ ನಗುತ್ತಿದ್ದರು.

ಆ ಅತ್ತೆಯೇ ನನಗೆ ಕನ್ನಡ ಅಕ್ಷರ ಕಲಿಸಿದವರು. ಅವರು ಕನ್ನಡ ಸಾಲೆಯಲ್ಲಿ ನಾಲ್ಕನೆಯ ಇಯತ್ತೆವರೆಗೆ ಓದಿದ್ದರು. ಸೊಸೆ ಇಂಗ್ಲಿಷ್ ಪುಸ್ತಕ ಓದುತ್ತಾಳೆ, ಮನೆಯ ದೇವರ ಗೂಡಿನಲ್ಲಿಟ್ಟ ಹೊತ್ತಿಗೆ ಓದಲಾರಳು ಎಂಬುದು ಅವರಿಗೆ ಹೇಗೋ ಆಗುತ್ತಿತ್ತು. ಬಟ್ಟೆ ಒಗೆಯಲು ಕೆರೆಗೆ ಹೋದಾಗ ಪಾವಟಿಗೆಯ ಒಣಗಿದ ಕಲ್ಲಿನ ಮೇಲೆ ಒದ್ದೆ ಬೆರಳಿನಿಂದ ಒಂದೊಂದು ಅಕ್ಷರ ಬರೆಯುತ್ತಿದ್ದರು. ಬಿಸಿಲಿಗೆ ಅದು ಆರಿಹೋಗುವ ಮೊದಲು ನಾನು ಪಕ್ಕದಲ್ಲಿ ಅದನ್ನೇ ಬರೆಯಬೇಕು. “ಲಗೂನ ಬರಿಯವ್ವಾ, ಅಕ್ಷರ ಓಡಿ ಹೊಂಟೈತಿ” ಎಂದು ಅವಸರ ಮಾಡುವರು. ಸ್ಲೇಟಿಲ್ಲ, ಬಳಪವಿಲ್ಲ, ಮಾರ್ಕ್ಸ್ ಇಲ್ಲ. ಈ ಬರಹವನ್ನು ಕನ್ನಡದಲ್ಲಿ ಬರೆಯುತ್ತಿರುವುದು ಆ ಕಲ್ಲಿನ ಕೃಪೆ. ಕಾನ್ವೆಂಟಿಗೆ ನಾನು ಋಣಿ, ಆಫ್ ಕೋರ್ಸ್. ಆದರೆ ನನಗೆ ಅತ್ಯಂತ ಪ್ರೀತಿಯಿಂದ ಪಾಠವಾದದ್ದು ನೀರಿನ ಪಕ್ಕದಲ್ಲಿ.

ಈಗ ಆ ಕಾಗದ.

ನನ್ನ ಮಾವನವರು ಆಗ ಊರಿನ ಪಂಚಾಯಿತಿಯಲ್ಲಿ ಹಿರಿಯರು. ಹೊಲ, ಶೇಂಗಾ, ಮೆಣಸಿನಕಾಯಿ ಎಲ್ಲದರ ಲೆಕ್ಕ ತಲೆಯಲ್ಲೇ. ಕೈಯಲ್ಲಿ ಬರುತ್ತಿದ್ದದ್ದು ಸಹಿ ಮಾತ್ರ. ನಾನು ಬಂದು ಎರಡನೆಯ ವರ್ಷವೋ ಮೂರನೆಯದೋ, ಊರಿನ ಸಾರ್ವಜನಿಕ ಜಾಗಗಳು ಯಾವುವು, ಯಾವುದು ಯಾವ ಉಪಯೋಗಕ್ಕೆ ಎಂದು ಬರೆದು ಕೊಡುವ ಫಾರ್ಮ್ ಬಂತು. ಮರಾಠಿಯಲ್ಲಿ ತುಂಬಬೇಕು. ಬರೆಯುವ ಗುಮಾಸ್ತ ರಜೆಯ ಮೇಲಿದ್ದ. ಮಾವನವರು ಫಾರ್ಮ್ ತಂದು ನನ್ನ ಮುಂದೆ ಇಟ್ಟರು.

“ನಮ್ಮ ಸೊಸಿ ಕಾನ್ವೆಂಟ್ ಕಲತಾಳ ಅಂತ ಊರಿಗೆಲ್ಲಾ ಹೇಳೇನಿ. ಬರಿ ಯವ್ವಾ, ನಾ ಹೇಳ್ತೇನಿ.”

ನನಗೆ ಮರಾಠಿ ಅಷ್ಟಾಗಿ ಬಾರದು ಎಂದು ಹೇಳಬಹುದಿತ್ತು. ಹೇಳಲಿಲ್ಲ. ಇಪ್ಪತ್ತರ ಹುಡುಗಿಗೆ ಹೊಸ ಮನೆಯಲ್ಲಿ ಬೇರೆ ಯಾವ ಕೆಲಸದಲ್ಲೂ ಹೆಸರು ಬಂದಿರಲಿಲ್ಲ. ರೊಟ್ಟಿ ಬಡಿದರೆ ಹರಿಯುತ್ತಿತ್ತು. ಪೆನ್ನು ಹಿಡಿದೆ.

ಗುಡಿ ಆಯಿತು, ಚಾವಡಿ ಆಯಿತು, ಎಮ್ಮೆ ದನ ಮೇಯುವ ಗಾಯರಾನ ಆಯಿತು, ನೀರು ತುಂಬಿದ ಕೆರೆಗೆ ತಲಾವ ಎಂದು ಬರೆದೆ. ಆಮೇಲೆ ಆ ಮೂಲೆ ಬಂತು.

“ಅದು ಕೆರೀ ಜಾಗಾ,” ಅಂದರು ಮಾವನವರು. “ಯಾರದೂ ಅಲ್ಲ. ಪಂಚಾಯ್ತೀದೂ ಅಲ್ಲ. ಕೆರೀದು. ಹಂಗ ಬರಿ.”

ನೀರಿನ ಕೆರೆಯನ್ನು ಆಗಲೇ ಬರೆದಾಗಿತ್ತಲ್ಲ, ಈ ಕೆರಿ ಎನ್ನುವುದು ಆ ಜಾಗದ ಹೆಸರೇ ಇರಬೇಕು ಎಂದುಕೊಂಡೆ. ಪ್ರಾಪರ್ ನೌನ್ ಟ್ರಾನ್ಸ್‌ಲೇಟ್ ಮಾಡಬಾರದು ಎಂದು ಕಾನ್ವೆಂಟಿನ ಸಿಸ್ಟರ್ ಹೇಳಿದ್ದು ನೆನಪಿತ್ತು. ಆದ್ದರಿಂದ ಕನ್ನಡದ ಶಬ್ದವನ್ನು ಹಾಗೇ ಇಟ್ಟುಕೊಂಡು, ಹಿಂದೆ ಮರಾಠಿಯ ಬಾಲ ಕಟ್ಟಿದೆ. ಘರ, ಘರಾಚೀ. ಗಾವ, ಗಾವಾಚೀ. ಕೆರೆ, ಕೆರಾಚೀ. ಕೆರಾಚೀ ಜಾಗಾ. ತಾಳ ಸರಿಯಾಗಿ ಬಂತು. ಮರಾಠಿಯ ಲಿಪಿಯಲ್ಲಿ ನಮ್ಮ ಹಾಗೆ ‘ಕೆ’ ಬೇರೆ ‘ಕೇ’ ಬೇರೆ ಇಲ್ಲ. ಎರಡಕ್ಕೂ ಒಂದೇ ಅಕ್ಷರ. ಮರಾಠಿ ಓದಿದವರು ಅದನ್ನು ‘ಕೇರಾಚೀ ಜಾಗಾ’ ಎಂದೇ ಓದುತ್ತಾರೆ. ಮರಾಠಿಯಲ್ಲಿ ಕೇರ ಎಂದರೆ ಗುಡಿಸಿ ತೆಗೆದ ಕಸ.

ಇದು ನನಗೆ ಗೊತ್ತಿರಲಿಲ್ಲ. ಕಚರಾ ಎಂಬ ಶಬ್ದ ಗೊತ್ತಿತ್ತು. ಕೇರ ಎನ್ನುವುದು ಕಸಬರಿಗೆ ಹಿಡಿದವರ ಮನೆಮಾತು. ನಾನು ಯಾವ ಮರಾಠಿ ಮನೆಯಲ್ಲೂ ಕಸಬರಿಗೆ ಹಿಡಿದಿರಲಿಲ್ಲ. ಮಾವನವರು ಕಾಗದವನ್ನು ಕೈಯಲ್ಲಿ ಹಿಡಿದು ದೂರದಿಂದ ನೋಡಿ, “ಅಕ್ಷರ ಮುತ್ತಿನಂಗ ಅದಾವ” ಎಂದು ಮೆಚ್ಚಿ ಸಹಿ ಹಾಕಿದರು. ಊರಿನ ಬರೆಯುವ ಕೆಲಸಗಳು ಅಂದಿನಿಂದ ನನ್ನ ಬಾಗಿಲಿಗೆ ಬರತೊಡಗಿದವು. ಅರ್ಜಿ, ಸಾಲೆಯ ದಾಖಲೆ, ಮುಂಬಯಿಯ ಮಗಳಿಗೆ ಪತ್ರ. ನಾನು ಊರಿನ ‘ಇಂಗ್ಲಿಷ್ ಬಾಯಾರು’, ಅಂದರೆ ಇಂಗ್ಲಿಷ್ ಮೇಡಂ, ಆದೆ. ಗಂಡಸರು ಹೊಸ್ತಿಲ ಹೊರಗೆ ನಿಂತು ಚಪ್ಪಲಿ ಬಿಡುವರು. ಹೆಂಗಸರು ನಾನು ಪಾವಟಿಗೆ ಇಳಿದರೆ ಮಾತು ತಗ್ಗಿಸುವರು. ಅದು ಗೌರವ ಎಂದು ತಿಳಿದು ಐವತ್ತು ವರ್ಷ ಅದರೊಳಗೆ ಒಂಟಿಯಾಗಿಯೇ ಕುಳಿತಿದ್ದೆ.

ಕೆಂಪು ಕಲ್ಲು ನೆಟ್ಟ ಬೆಳಿಗ್ಗೆ ನನ್ನ ಬಾಗಿಲಿಗೆ ಬಂದವಳು ಹಿಂದಿನ ಓಣಿಯ ನನ್ನ ಗೆಳತಿ. ನನಗಿಂತ ಐದಾರು ವರ್ಷ ಸಣ್ಣವಳು. ಮೂರು ಎಮ್ಮೆ ಕಟ್ಟಿದ್ದಾಳೆ. ನಮ್ಮ ಮನೆಗೆ ಹಾಲು ಅವಳದೇ. ಓದು ಬರಹ ಬಾರದು, ಬಾಯಿ ಬರುತ್ತದೆ.

“ಬಾಯಾರ, ಚಹಾ ಬಿಟ್ಟು ಎದ್ದ್ ಬರ್ರಿ. ಕೆರೀ ಮೂಲ್ಯಾಗ ಕಲ್ಲ ನೆಟ್ಟಾರ. ಯಾರ್ದಾರ ಗೋರಿ ಕಟ್ಟತಾರೋ ಏನೋ, ನೀವು ಒಲ್ಲೆ ಅಂದ್ರೂ ನಾ ಬಿಡೂದಿಲ್ಲ, ನೋಡಾಕ ಬರ್ರಿ.”

ಹೋಗಿ ನೋಡಿದೆವು. ಕಲ್ಲು ನೆಡುತ್ತಿದ್ದವರು ನಗರ ಪಂಚಾಯಿತಿಯ ಹೆಸರು ಹೇಳಿದರು. ಘನಕಚರಾ ಪ್ರಕಲ್ಪ ಎಂದರು. ಆ ಸರಕಾರಿ ಮಾತಿನಲ್ಲಿ ಗೆಳತಿಗೆ ಅರ್ಥವಾದದ್ದು ಕಚರಾ ಒಂದೇ, ಅದು ಸಾಕಾಯಿತು.

“ಇಲ್ಲಿ ಕಸಾ ಹಾಕಿದ್ರ ನನ್ನ ಎಮ್ಮಿ ಎಲ್ಲಿ ಇಳೀಬೇಕ್ರಿ? ನಿಮ್ಮ ಆಫೀಸಿನ್ಯಾಗ ಇಳಸಲೇನು?”

“ಸಾಹೇಬ್ರನ್ನ ಕೇಳ್ರಿ ಆಯಿ. ಜುನೀ ಕಾಗದದಾಗ ಹಂಗ ಐತಂತ.”

ಹಳೆಯ ಕಾಗದದಲ್ಲಿ ಹಾಗಿದೆಯಂತೆ. “ಬಾಯಾರ, ನೀವು ಕಾಗದ ಓದೋರು, ನೋಡಿ ಬರ್ರಿ” ಎಂದು ಗೆಳತಿ ನನ್ನನ್ನು ಅಟ್ಟಿದಳು. ಹೆಮ್ಮೆಯಿಂದಲೇ ಹೋದೆ. ಕನ್ನಡಕ ಹಾಕಿಕೊಂಡು, ಇಸ್ತ್ರಿಯ ಸೀರೆ ಉಟ್ಟು.

ನಗರ ಪಂಚಾಯಿತಿಯ ಮುಖ್ಯಾಧಿಕಾರಿ ವಯಸ್ಸಿನಲ್ಲಿ ನನ್ನ ಮೊಮ್ಮಗನಷ್ಟಿದ್ದಾರು. ಹೊರಗಿನವರು, ಮರಾಠಿ ಮಾತಿನವರು, ಮರ್ಯಾದಸ್ಥರು. “ಬಸಾ ಆಜಿ” ಎಂದು ಅಜ್ಜಿಯನ್ನು ಕೂಡಿಸುವ ಹಾಗೇ ಕುರ್ಚಿ ಎಳೆದು ಕೊಟ್ಟರು. ಜಾಗ ಹುಡುಕಿ ಹುಡುಕಿ ಸಾಕಾಗಿತ್ತು, ಅಷ್ಟರಲ್ಲಿ ಹಳೆಯ ದಫ್ತರದಲ್ಲಿ ಇದು ಸಿಕ್ಕಿತು, ಪೂರ್ವಜರೇ ಕಸಕ್ಕೆಂದು ಬಿಟ್ಟ ಜಾಗ, ಹೊಸ ಪರವಾನಗಿಯೇ ಬೇಡ ಎಂದು ಸಂತೋಷದಿಂದ ಹೇಳುತ್ತ ಫೈಲ್ ನನ್ನ ಕಡೆ ತಿರುಗಿಸಿದರು.

ಮೊದಲು ಗುರುತು ಸಿಕ್ಕಿದ್ದು ಶಬ್ದವಲ್ಲ, ‘ಜಾ’ ಅಕ್ಷರದ ಬಾಲ. ಸಿಸ್ಟರ್ ಕೈಯಲ್ಲಿ ಏಟು ತಿಂದು ತಿಂದು ಕಲಿತ ಇಂಗ್ಲಿಷ್ ‘ವೈ’ ಬಾಲವನ್ನೇ ನಾನು ಮರಾಠಿಗೂ ಕೊಡುತ್ತಿದ್ದೆ. ಮಾವನವರ ಸಹಿ ಕೆಳಗೆ ಡೊಂಕಾಗಿ ನಿಂತಿತ್ತು. ಮುಖ್ಯಾಧಿಕಾರಿ ಬೆರಳಿಟ್ಟು ಓದಿದರು: “ಕೇರಾಚೀ ಜಾಗಾ.”

ಅಷ್ಟು ವರ್ಷಗಳಲ್ಲಿ ನಾನು ಬರೆದ ಆ ಸಾಲನ್ನು ಇನ್ನೊಬ್ಬರ ಬಾಯಲ್ಲಿ ಕೇಳಿದ್ದು ಅದೇ ಮೊದಲು. ಈಗ ನನಗೆ ಕೇರ ಎಂದರೇನು ಎಂದು ಗೊತ್ತಿತ್ತು. ಫೈಲನ್ನು ಅವರ ಕಡೆಗೇ ತಿರುಗಿಸಿಟ್ಟೆ. ನೀರು ಕೊಟ್ಟರು. ಕುಡಿದು ಎದ್ದು ಬಂದೆ.

ಎರಡು ದಿನ ಯಾರಿಗೂ ಹೇಳಲಿಲ್ಲ. ಹೇಳದಿದ್ದರೂ ನಡೆಯುತ್ತಿತ್ತು ಎಂದು ಈಗಲೂ ಅನ್ನಿಸುತ್ತದೆ. ಆ ಕಾಲದ ಗುಮಾಸ್ತ ತೀರಿಕೊಂಡು ಎಷ್ಟೋ ಕಾಲವಾಗಿದೆ. ಅವನು ಬರೆದದ್ದು ಎಂದುಕೊಂಡು ಊರು ಸುಮ್ಮನಾಗುತ್ತಿತ್ತು. ಆದರೆ ಆಗ ಕಾಗದ ಕಾಗದವಾಗಿಯೇ ಉಳಿಯುತ್ತಿತ್ತು. ‘ಕೇರಾಚೀ’ ಎಂದು ಬರೆದವರು ‘ಕೆರೆಯ’ ಎಂದು ಹೇಳಲು ಹೊರಟಿದ್ದರು ಎಂಬುದನ್ನು ಹೇಳಬಲ್ಲವರು ಇಬ್ಬರೇ. ಒಬ್ಬರು ಮಾವನವರು, ಅವರಿಲ್ಲ. ಇನ್ನೊಬ್ಬಳು ನಾನು. ನಾನು ಬಾಯಿ ಬಿಟ್ಟರೆ ಇಂಗ್ಲಿಷ್ ಬಾಯಾರ ಮಾನ ಹೋಗುತ್ತದೆ. ಬಿಡದಿದ್ದರೆ ಕೆರೆಯ ಮೂಲೆ ಹೋಗುತ್ತದೆ. ಹೀಗೆ ಬರೆದರೆ ಯಾವುದು ದೊಡ್ಡದು ಎಂದು ಎಲ್ಲರಿಗೂ ಕಾಣುತ್ತದೆ. ಆ ಎರಡು ದಿನ ನನಗೆ ಕಾಣಲಿಲ್ಲ. ಪಾವಟಿಗೆಗೂ ಹೋಗಲಿಲ್ಲ, ಮಂಡಿನೋವು ಎಂದೆ.

ಮೂರನೆಯ ದಿನ ಗೆಳತಿ ಹಾಲು ತಂದಳು.

“ಮಂಡಿ ಹೆಂಗ ಐತ್ರಿ?”

“ಮಂಡಿಗೆ ಏನೂ ಆಗಿಲ್ಲ,” ಎಂದು ಎಲ್ಲ ಹೇಳಿದೆ.

ಅವಳು ಹಾಲಿನ ತಂಬಿಗೆ ಹಿಡಿದು ನಿಂತೇ ಕೇಳಿದಳು. ಅಳುತ್ತಾಳೋ ಬೈಯುತ್ತಾಳೋ ಎಂದು ನಾನು ನೆಲ ನೋಡುತ್ತಿದ್ದೆ.

“ಅಂದ್ರ ಮಾವಾರು ಕೆರಿ ಅಂದ್ರು, ನೀವು ಕಸಾ ಅಂತ ಬರದ್ರಿ.”

“ಹೌದು.”

“ಕಾನ್ವೆಂಟ್ ಕಲತು.”

“ಹೌದು.”

“ನನ್ನ ಸಾಲಿಗೆ ಕಳಿಸ್ಲಿಲ್ಲ ಅಂತ ನಮ್ಮವ್ವಗ ಭಾಳ ಬೈದೇನ್ರಿ ಬಾಯಾರ. ಪಾಪ, ಇನ್ನ ಮ್ಯಾಲ ಬೈಯೂದಿಲ್ಲ.”

ಅಷ್ಟು ಹೇಳಿ ತಂಬಿಗೆ ಕೆಳಗಿಟ್ಟು, ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಸಿಟ್ಟೂ ಬಂದಿತ್ತು, ನಗುವಿನ ಸಂದಿನಲ್ಲಿ ಅದು ಕಾಣುತ್ತಿತ್ತು. ಆಮೇಲೆ ನನ್ನ ಮಂಡಿಯ ಮೇಲೆ ಕೈಯಿಟ್ಟು, “ನಡೀರಿ ನಾಳೆ ಹೋಗೂಣು. ಒಬ್ಬರ ಹೋಗಬ್ಯಾಡ್ರಿ. ನಾನೂ ಬರ್ತೇನಿ” ಎಂದಳು.

ಅವಳ ‘ನಾನೂ’ ಎಂದರೆ ಹನ್ನೊಂದು ಹೆಂಗಸರು. ಬೆಳಿಗ್ಗೆ ಕೆಲಸ ಮುಗಿಸಿ, ಕೆಲವರು ತಲೆಯ ಮೇಲಿನ ಒದ್ದೆ ಬಟ್ಟೆಯ ಬುಟ್ಟಿ ಇಳಿಸದೆಯೇ ನಗರ ಪಂಚಾಯಿತಿಯ ಮೆಟ್ಟಿಲು ಹತ್ತಿದರು. ಮುಖ್ಯಾಧಿಕಾರಿ ಗಾಬರಿಯಾಗಿ ಎದ್ದು ನಿಂತರು. ನಾನು ಹೇಳಬೇಕಾದದ್ದನ್ನು ರಾತ್ರಿಯೆಲ್ಲ ಮರಾಠಿಯಲ್ಲಿ ಜೋಡಿಸಿಕೊಂಡಿದ್ದೆ; ಬಾಯಿಗೆ ಬಂದದ್ದು ಇಂಗ್ಲಿಷ್. “ದಿಸ್ ಈಸ್ ಮೈ ಮಿಸ್ಟೇಕ್” ಎಂದೆ. ಸಿಸ್ಟರ್ ಮುಂದೆ ನಿಂತ ಹಾಗೇ ಕೈ ಹಿಂದೆ ಕಟ್ಟಿಕೊಂಡಿದ್ದೆ ಎಂದು ಗೆಳತಿ ಆಮೇಲೆ ಹೇಳಿದಳು.

“ಹೇ ತುಮ್ಚಂ ಅಕ್ಷರ?” ನಿಮ್ಮ ಕೈಬರಹವೇ ಎಂದು ಅವರಿಗೆ ನಂಬಿಕೆ ಬರಲಿಲ್ಲ. ಒಂದು ಹಾಳೆ ಕೊಟ್ಟರು. ಅದೇ ಎರಡು ಶಬ್ದ ಬರೆದೆ. ಐವತ್ತು ವರ್ಷವಾದರೂ ‘ಜಾ’ದ ಬಾಲ ಹಾಗೇ ಬಂತು. ಎರಡು ಕಾಗದಗಳನ್ನು ಪಕ್ಕಪಕ್ಕ ಇಟ್ಟು ನೋಡಿದರು. ಘರ, ಘರಾಚೀ ಎಲ್ಲ ವಿವರಿಸಿದೆ. ಕೇಳುತ್ತ ಕೇಳುತ್ತ ಅವರ ತುಟಿ ಸಡಿಲವಾಯಿತು. ಅವರೂ ಅದನ್ನು ಬಾಯಿಪಾಠ ಮಾಡಿದವರೇ.

“ಆಜಿ, ನೀವು ಹೇಳಿದ್ದು ನಾನು ನಂಬುತ್ತೇನೆ. ಆದರೆ ಆ ಜಾಗ ನಿಜವಾಗಿ ಕೆರೆಯದೇ ಎನ್ನಲು ಇನ್ನೇನಾದರೂ ಬೇಕಲ್ಲ,” ಎಂದು ಮರಾಠಿಯಲ್ಲಿ ಹೇಳಿ, ಹೆಂಗಸರ ಕಡೆ ತಿರುಗಿ ಕೇಳಿದರು: ಆ ಮೂಲೆಯನ್ನು ನೀವು ಏನೆಂದು ಕರೆಯುತ್ತೀರಿ?

ಗೆಳತಿಗೆ ಮರಾಠಿ ಅರ್ಥವಾಗುತ್ತದೆ, ಉತ್ತರ ಮಾತ್ರ ಕನ್ನಡದಲ್ಲೇ ಬರುತ್ತದೆ.

“ಕೆರೀ ಉಡಿ ಅಂತೇವ್ರಿ ಸಾಹೇಬ್ರ.”

ಉಡಿ ಎಂದರೆ ಸೆರಗಿನ ಮಡಿಲು, ಮರಾಠಿಯವರ ಓಟಿ. ನಮ್ಮಲ್ಲಿ ಬಸುರಿ ಹೆಣ್ಣುಮಗಳಿಗೆ, ತವರಿಂದ ಹೊರಡುವ ಮಗಳಿಗೆ ಅಕ್ಕಿ, ಕೊಬ್ಬರಿ, ಕುಪ್ಪಸದ ಬಟ್ಟೆ ಹಾಕಿ ಉಡಿ ತುಂಬುತ್ತಾರೆ. ಮಳೆಗಾಲದಲ್ಲಿ ಕೆರೆ ತುಂಬಿ ಕೋಡಿ ಹರಿದಾಗ ಊರಿನ ಹೆಂಗಸರು ಕೆರೆಗೂ ಉಡಿ ತುಂಬುತ್ತಾರೆ. ಪಾವಟಿಗೆಯಲ್ಲಲ್ಲ, ಆಳವಿರುವಲ್ಲಿ ಅಲ್ಲ. ಪಡುವಣ ಮೂಲೆಯಲ್ಲಿ, ನೀರು ನೆಲದ ಮೇಲೆ ಸೆರಗಿನಂತೆ ಹರಡಿಕೊಂಡಲ್ಲಿ. ಈ ಊರಿಗೆ ಬಂದ ಮೊದಲ ವರ್ಷವೇ ನಾನೂ ಅತ್ತೆಯ ಹಿಂದೆ ಕೆಸರಿನಲ್ಲಿ ಕಾಲಿಟ್ಟು ತುಂಬಿದ್ದೆ. ಆದರೂ ಫಾರ್ಮ್ ಬರೆಯುವಾಗ ಅದು ನೆನಪಾಗಲಿಲ್ಲ.

“ಓಟೀ ಭರತಾ?” ಎಂದರು ಮುಖ್ಯಾಧಿಕಾರಿ. ಅವರ ದನಿ ಬದಲಾಗಿತ್ತು.

“ಹೌದ್ರಿ. ಹೆಣ್ಣಮಗಳ ಉಡ್ಯಾಗ ಯಾರರ ಕಸಾ ಹಾಕ್ತಾರೇನ್ರಿ? ನಿಮ್ಮ ಮನ್ಯಾಗೂ ಅಕ್ಕ ತಂಗೇರು ಇರಬೇಕಲ್ರಿ.”

ಒದ್ದೆ ಬಟ್ಟೆಯ ಬುಟ್ಟಿಯಿಂದ ನೀರು ಆಫೀಸಿನ ನೆಲದ ಮೇಲೆ ತೊಟ್ಟಿಕ್ಕುತ್ತಿತ್ತು.

ಮುಖ್ಯಾಧಿಕಾರಿ ಫೈಲ್ ಮುಚ್ಚಿ ನನ್ನನ್ನು ನೋಡಿದರು. ತಪ್ಪಾದ ನೋಂದಣಿಯನ್ನು ತಿದ್ದಬಹುದು, ಅದಕ್ಕೆ ನನ್ನ ಪ್ರತಿಜ್ಞಾಪತ್ರ ಬೇಕು, ಈ ಹೆಂಗಸರ ಹೇಳಿಕೆ ಬೇಕು, ಠರಾವು ಮತ್ತೆ ಸಭೆಯ ಮುಂದೆ ಹೋಗಬೇಕು ಎಂದರು. ಆಮೇಲೆ, “ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ ಆಜಿ. ಕಸ ಎಲ್ಲಿಯಾದರೂ ಹೋಗಲೇಬೇಕು. ಲಿಸ್ಟಿನಲ್ಲಿ ಎರಡನೆಯದು ಊರಾಚೆಯ ಹಳೆಯ ಕಲ್ಲಿನ ಖಾಣಿ. ಅದರ ಪಕ್ಕದ ಶೇಂಗಾ ಹೊಲ ನಿಮ್ಮದಲ್ಲವೇ?”

ನಮ್ಮದೇ. ಖಾಣಿ ಎಂದರೆ ಕಲ್ಲು ತೆಗೆದು ತೆಗೆದು ಬಿಟ್ಟ ದೊಡ್ಡ ಗುಂಡಿ. ಅಲ್ಲಿ ನೀರಿಲ್ಲ, ಹಕ್ಕಿಯಿಲ್ಲ, ಅದರ ದಡದಲ್ಲಿ ನಮ್ಮ ಬದು. ನಾನು ಗೆಳತಿಯ ಮುಖ ನೋಡಿದೆ. ಅವಳು ಬೇರೆ ಕಡೆ ನೋಡುತ್ತಿದ್ದಳು, ನನ್ನ ಮೇಲೆ ಒತ್ತಾಯ ಬೀಳದಿರಲಿ ಎಂದು. ಅಷ್ಟು ಸೂಕ್ಷ್ಮ ಅವಳಲ್ಲಿ ಇದೆ ಎಂದು ಹಾಲು ಅಳೆಸಿಕೊಂಡ ಇಷ್ಟು ವರ್ಷದಲ್ಲಿ ನಾನು ಕಂಡಿರಲಿಲ್ಲ.

ಪ್ರತಿಜ್ಞಾಪತ್ರವನ್ನು ನಾನೇ ಬರೆದೆ. ಈ ಸಲ ಪ್ರತಿ ಶಬ್ದಕ್ಕೂ ಮುಖ್ಯಾಧಿಕಾರಿಯನ್ನು ಕೇಳಿ ಕೇಳಿ. ತಳ್ಯಾಚೀ ಜಾಗಾ, ಕೆರೆಯ ಜಾಗ. ಕಡೆಗೆ ಸಹಿ ಮಾಡಿ ಎದ್ದಾಗ ಅವರು ಬಾಗಿಲವರೆಗೆ ಬಂದು ನನ್ನ ಪಾದ ಮುಟ್ಟಿದರು. ನನಗೆ ನಾಚಿಕೆಯಾಯಿತು. ತಪ್ಪು ಮಾಡಿದವಳಿಗೆ ಇದು ಸಲ್ಲದು ಎಂದೆ. “ಆಜಿ, ತಪ್ಪು ಅಂತ ಹೇಳಿಕೊಂಡು ಈ ಆಫೀಸಿಗೆ ಇದುವರೆಗೆ ಯಾರೂ ಬಂದಿಲ್ಲ” ಎಂದು ನಕ್ಕರು.

ತಿಂಗಳೊಳಗೆ ಕೆಂಪು ಕಲ್ಲುಗಳು ಹೋದವು. ಕಿತ್ತ ಗುಳಿಗಳಲ್ಲಿ ಮಳೆನೀರು ನಿಂತು, ಗುಳಿಗಳೂ ಕಾಣದಾದವು. ಖಾಣಿಯ ಕಡೆಯಿಂದ ಗಾಳಿ ಬೀಸಿದ ದಿನ ನಮ್ಮ ಹೊಲದಲ್ಲಿ ವಾಸನೆ ಬರುತ್ತದೆ, ಸುಳ್ಳೇಕೆ. ಶೇಂಗಾ ಕೀಳಲು ಬಂದ ಹೆಂಗಸರು ಮೂಗಿಗೆ ಸೆರಗು ಕಟ್ಟಿಕೊಂಡು, “ಬಾಯಾರ, ನಿಮ್ಮ ಶೇಂಗಾಕ್ಕ ಅತ್ತರ ಹಚ್ಚೀರೇನ್ರಿ?” ಎಂದು ಕೇಳುತ್ತಾರೆ.

ಹೌದು, ಈಗ ಕೇಳುತ್ತಾರೆ. ಮೊದಲು ನನ್ನ ಮುಂದೆ ಯಾರೂ ಹೀಗೆ ಮಾತಾಡುತ್ತಿರಲಿಲ್ಲ. ನನ್ನ ತಪ್ಪು ಒಂದೇ ದಿನದಲ್ಲಿ ಊರೆಲ್ಲ ಹರಡಿ, ಹೋದಲ್ಲೆಲ್ಲ ನನಗಿಂತ ಮೊದಲೇ ಹೋಗಿ ಕುಳಿತಿರುತ್ತದೆ. ಬೆಳಿಗ್ಗೆ ಅಂಗಳ ಗುಡಿಸುವವಳು ಕಸಬರಿಗೆ ಎತ್ತಿ, “ಇಂಗ್ಲಿಷ್ ಬಾಯಾರ, ಕೆರಿ ಹೊಡದೇನ್ರಿ, ಎಲ್ಲಿ ಒಗೀಲಿ?” ಎಂದು ಕೂಗುತ್ತಾಳೆ. ಪಾವಟಿಗೆಗೆ ಹೋದರೆ ಮಾತು ತಗ್ಗುವುದಿಲ್ಲ. ಸ್ವಲ್ಪ ಸರಿದು, ಒಗೆಯುವ ಕಲ್ಲಿನ ಪಕ್ಕ ನನಗೆ ಜಾಗ ಮಾಡುತ್ತಾರೆ. ಯಾರ ಸೊಸೆ ಏನಂದಳು, ಯಾರ ಎಮ್ಮೆ ಈದಿತು, ಎಲ್ಲ ನನ್ನ ಕಿವಿಗೂ ಬೀಳುತ್ತದೆ. ಎಪ್ಪತ್ತು ದಾಟಿದ ಮೇಲೆ ನನಗೆ ಈ ಊರು ಸಿಕ್ಕಿತು. ಯಾರಿಗೆ ಥ್ಯಾಂಕ್ಸ್ ಹೇಳಲಿ? ಕೆರೆಗೆ ಹೇಳುತ್ತೇನೆ, ಗೆಳತಿಗೆ ಹೇಳಿದರೆ ಬೈಯುತ್ತಾಳೆ.

ಅರ್ಜಿ ಬರೆಸಲು ಜನ ಬರುವುದು ನಿಲ್ಲಬಹುದು ಎಂದುಕೊಂಡಿದ್ದೆ. ನಿಲ್ಲಲಿಲ್ಲ. ಒಂದು ರೂಢಿ ಮಾತ್ರ ಹೊಸದಾಗಿ ಬಂದಿದೆ, ಶುರುಮಾಡಿದವಳು ಗೆಳತಿ. ಮೊದಲೆಲ್ಲ ನಾನು ಬರೆದು ಕೊಟ್ಟರೆ ಕಣ್ಣಿಗೊತ್ತಿಕೊಂಡು ಹೆಬ್ಬೆಟ್ಟು ಒತ್ತಿ ಒಯ್ಯುತ್ತಿದ್ದರು. ಏನು ಬರೆದಿದ್ದೀರಿ ಎಂದು ಐವತ್ತು ವರ್ಷ ಯಾರೂ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಈಗ ಬರೆದು ಮುಗಿಸಿದ ಕೂಡಲೇ ಎದುರು ಕುಳಿತವರು ಹೆಬ್ಬೆಟ್ಟನ್ನು ಮುಷ್ಟಿಯೊಳಗೆ ಮಡಚಿಕೊಳ್ಳುತ್ತಾರೆ. “ಒಮ್ಮಿ ಓದಿ ಹೇಳ್ರಿ. ನಮ್ಮ ಮಾತಿನ್ಯಾಗ.”

ಮೊನ್ನೆ ಗೆಳತಿಯ ಎಮ್ಮೆಯ ವಿಮೆಯ ಫಾರ್ಮ್ ಬಂದಿತ್ತು, ಮರಾಠಿಯದು. ತುಂಬಿ, ಒಂದೊಂದೇ ಸಾಲನ್ನು ಕನ್ನಡದಲ್ಲಿ ಓದಿ ಹೇಳಿದೆ. ಜಾತಿ, ವಯಸ್ಸು, ಬಣ್ಣ ಕಪ್ಪು, ಹಣೆಯ ಮೇಲೆ ಬಿಳಿ ಚುಕ್ಕೆ, ಕೊಂಬು ಎರಡು.

“ನಿಲ್ರಿ,” ಎಂದಳು ಗೆಳತಿ. “ಎಡಗಡೀ ಕೋಡ ತುದೀಗೆ ಮುರದೈತಲ್ರಿ. ಅದನ್ನ ಹಾಕ್ರಿ. ಇಲ್ಲಾಂದ್ರ ಅದು ಬ್ಯಾರೇ ಎಮ್ಮಿ ಆಗತೈತಿ.”

ಹಾಕಿದೆ. ಮತ್ತೆ ಮೊದಲಿಂದ ಓದಿದೆ.